ಯಾರಿಗೆ ದೊಡ್ಡಣ್ಣ?

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಹತ್ತು ಹನ್ನೆರಡು ಮಕ್ಕಳಿಗೆ ಕನ್ನಡ ಬರೆಯುವುದನ್ನು ಹೇಳಿಕೊಡುತ್ತೇನೆ. ಊರು ಗೋವಾದ ವಾಸ್ಕೋ ಪಕ್ಕದ ಝುವಾರಿನಗರ. ಅಕ್ಕಪಕ್ಕದವರೆಲ್ಲ ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆಯವರೇ. ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಓದುತ್ತಾರೆ, ಬೀದಿಯಲ್ಲಿ ಹಿಂದಿ ಕೊಂಕಣಿ ಬೆರೆಸಿ ಆಡುತ್ತಾರೆ, ಅಜ್ಜಿಯ ಜೊತೆ ಕನ್ನಡ ಮಾತಾಡುತ್ತಾರೆ. ಬರೆಯಲು ಮಾತ್ರ ಬರುವುದಿಲ್ಲ. 2025ರ ಆಗಸ್ಟ್ ತಿಂಗಳ ಕೊನೆಯ ಭಾನುವಾರ ಸಂಬಂಧದ ಪದಗಳನ್ನು ಕೊಟ್ಟು ವಾಕ್ಯ ಮಾಡಿ ಅಂದೆ. ಅತ್ತಿಗೆ, ಸೋದರಮಾವ, ಚಿಗವ್ವ, ದೊಡ್ಡಣ್ಣ. ಒಬ್ಬ ಹುಡುಗಿ ಬರೆದಳು: "ನಮ್ಮ ದೊಡ್ಡಣ್ಣ ಊರಿಂದ ಬರುವಾಗ ಕಟಕ ರೊಟ್ಟಿ ತರುತ್ತಾನೆ." ಅವಳ ಪಕ್ಕದ ಹುಡುಗ ಬರೆದ: "ಅಮೆರಿಕ ಜಗತ್ತಿನ ದೊಡ್ಡಣ್ಣ."

ಹುಡುಗನ ವಾಕ್ಯದಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಒತ್ತಕ್ಷರ ಸರಿ, ವಿಭಕ್ತಿ ಸರಿ. ಅವನ ಮನೆಗೆ ಕನ್ನಡ ಪೇಪರ್ ಬರುತ್ತದೆ. ಆ ವಾರವಷ್ಟೇ ಅಮೆರಿಕ ನಮ್ಮ ಸಾಮಾನುಗಳ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿತ್ತು. ಪೇಪರ್ ಬಿಡಿಸಿದರೂ ಟಿವಿ ಹಾಕಿದರೂ ದೊಡ್ಡಣ್ಣನದೇ ಸುದ್ದಿ. ನಾನು ಕೆಂಪು ಪೆನ್ನು ಹಿಡಿದು ಕೂತೆ. ಹುಡುಗಿಯ ವಾಕ್ಯಕ್ಕೆ ಸರಿ ಗುರುತು ಹಾಕಿದೆ. ಹುಡುಗನ ವಾಕ್ಯದ ಹತ್ತಿರ ಬಂದಾಗ ಕೈ ನಿಂತಿತು. ತಪ್ಪು ಅನ್ನಲು ಕಾರಣ ಇರಲಿಲ್ಲ, ಸರಿ ಅನ್ನಲು ಮನಸ್ಸು ಬರಲಿಲ್ಲ. ಪುಸ್ತಕವನ್ನು ಪಕ್ಕಕ್ಕಿಟ್ಟು, ಮುಂದಿನ ವಾರ ಕೊಡುತ್ತೇನೆ ಅಂದೆ.

ಯಾಕೆ ಕೈ ನಿಂತಿತು ಅನ್ನುವುದು ನನಗೆ ಗೊತ್ತಿತ್ತು. ಇದೇ ಪದದ ಮೇಲೆ ನಮ್ಮ ಮನೆಯಲ್ಲಿ ಹಿಂದೆ ಒಮ್ಮೆ ಮಾತಾಗಿತ್ತು.

ನಮ್ಮ ದೊಡ್ಡಣ್ಣ

ನಾವು ನಾಲ್ಕು ಜನ. ದೊಡ್ಡಣ್ಣನಿಗೂ ನನಗೂ ಹದಿನಾಲ್ಕು ವರ್ಷ ಅಂತರ. ಅಪ್ಪ ತೀರಿಕೊಂಡಾಗ ಅವನು ಎಂಟನೇ ಕ್ಲಾಸು ಬಿಟ್ಟು, ರೋಣ ತಾಲೂಕಿನ ನಮ್ಮ ಹಳ್ಳಿಯಿಂದ ಲಾರಿ ಕ್ಲೀನರ್ ಆಗಿ ಗೋವಾಕ್ಕೆ ಬಂದ. ಆಮೇಲೆ ಬಾರ್ಜ್ ಮೇಲೆ ಕೆಲಸ ಸಿಕ್ಕಿತು. ಗಣಿಯಿಂದ ಲಾರಿಯಲ್ಲಿ ಬಂದ ಅದಿರನ್ನು ನದಿ ದಂಡೆಯಲ್ಲಿ ತುಂಬಿಕೊಂಡು, ಮಾಂಡವಿ, ಝುವಾರಿ ನದಿಗಳಲ್ಲಿ ಇಳಿದು, ಮುರಗಾಂವ್ ಬಂದರಿನ ಹಡಗಿಗೆ ಮುಟ್ಟಿಸುವ ಬಾರ್ಜ್‌ಗಳು. ಅವನ ಅಂಗಿ, ಉಗುರು, ಕಿವಿಯ ಸಂದಿ ಎಲ್ಲಾ ಕೆಂಪು. ಅವ್ವನನ್ನೂ ನಮ್ಮನ್ನೂ ಕರೆಸಿಕೊಂಡ. ಅಕ್ಕನ ಮದುವೆ ಮಾಡಿದ. ನನ್ನ ಕಾಲೇಜು ಫೀ ಕಟ್ಟಿದ. ತನ್ನ ಮದುವೆಯನ್ನು ಮುಂದೂಡುತ್ತಲೇ ಹೋದ. ಮನೆಯಲ್ಲಿ ಅವನ ಮಾತಿಗೆ ಎದುರಿರಲಿಲ್ಲ ಅನ್ನುವುದೂ ನಿಜ. ಒಂದೆರಡು ಸಲ ನನಗೆ ಹೊಡೆದಿದ್ದಾನೆ. ಆದರೆ ಊಟಕ್ಕೆ ಎಲ್ಲರಿಗಿಂತ ಕೊನೆಗೆ ಕೂರುತ್ತಿದ್ದವನೂ ಅವನೇ. ಇವೆರಡೂ ಸೇರಿಯೇ ನನಗೆ ಆ ಪದ.

2003ರ ಮಾರ್ಚ್. ಇರಾಕ್ ಮೇಲೆ ಯುದ್ಧ ಶುರುವಾಗಿತ್ತು. ಆಗ ನಾನು ಕಾಲೇಜಿನಲ್ಲಿದ್ದೆ. ಅವನು ರಾತ್ರಿ ಪಾಳಿ ಮುಗಿಸಿ ಬಂದು, ಪಾವ್ ಚಹಾದಲ್ಲಿ ಅದ್ದಿಕೊಂಡು ತಿನ್ನುತ್ತಾ ಪೇಪರ್ ಓದುತ್ತಿದ್ದ. ಹುಬ್ಬಳ್ಳಿ ಕಡೆಯಿಂದ ಬರುವ ಪೇಪರ್ ನಮಗೆ ತಲುಪುವಾಗ ಹಳತಾಗಿರುತ್ತಿತ್ತು. ಅವನು ಗಟ್ಟಿಯಾಗಿ, ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಿದ್ದ. ತಲೆಬರಹ ಹೆಚ್ಚುಕಮ್ಮಿ ಹೀಗಿತ್ತು: ವಿಶ್ವದ ದೊಡ್ಡಣ್ಣನಿಂದ ಬಾಗ್ದಾದ್ ಮೇಲೆ ಬಾಂಬ್. ಬೆರಳು ಆ ಪದದ ಕೆಳಗೆ ನಿಂತಿತು.

"ತಮ್ಮಾ, ಅಂವ ಯಾರಿಗೆ ದೊಡ್ಡಣ್ಣ?"

ಅದು ಸುಮ್ನೆ ಹಾಗೆ ಕರೆಯುವುದು, ಅಮೆರಿಕ ಅಂದ್ರೆ ಸೂಪರ್ ಪವರ್, ಅದಕ್ಕೆ, ಅಂದೆ.

"ಸೂಪರ್ ಪವರ್ ಅಂತ ಬರೀಲಿ. ಅಣ್ಣ ಅಂತ ಯಾಕ ಬರೀತಾರ? ಅಂವ ಯಾರ ಫೀ ಕಟ್ಟ್ಯಾನ? ಯಾರ ಲಗ್ನ ಮಾಡ್ಯಾನ? ಅಣ್ಣ ಆದಂವ ಮನೀ ಮ್ಯಾಲ ಬಾಂಬ್ ಹಾಕ್ತಾನೇನು?"

ಅವ್ವ ಒಳಗಿನಿಂದ, "ಮಲ್ಕೋಹೋಗೋ, ರಾತ್ರಿಯೆಲ್ಲಾ ನಿದ್ದಿಲ್ಲ" ಅಂದಳು. ಅವನು ಪೇಪರ್ ಮಡಚಿ ಗೂಟದ ಹಿಂದೆ ಸಿಕ್ಕಿಸಿ ಮಲಗಿದ. ಅಷ್ಟೇ ನಡೆದದ್ದು. ಅವನು ನಿಜವಾಗಿ ನೊಂದಿದ್ದ. ತನ್ನ ಹೆಸರನ್ನು ಯಾರೋ ಕೇಳದೆ ತೆಗೆದುಕೊಂಡು ಹೋಗಿದ್ದಾರೆ ಅನ್ನುವ ಹಾಗೆ ಮುಖ ಮಾಡಿಕೊಂಡಿದ್ದ. ಅವತ್ತು ನನಗೆ ಅದು ತಿಳಿಯಲಿಲ್ಲ.

ಮೂರರಲ್ಲಿ ಒಂದು ಉದುರಿತು

ಆಮೇಲೆ ನಾನು ಈ ಪದಗಳ ಬೆನ್ನು ಹತ್ತಿದೆ. 'ಸೂಪರ್ ಪವರ್' ಅನ್ನುವುದು ಇಂಗ್ಲಿಷಿನಲ್ಲೂ ಅಂಥ ಹಳೆಯ ಪದವಲ್ಲ. ಅಮೆರಿಕದಲ್ಲಿ 1920ರ ಹೊತ್ತಿಗೆ ಅದನ್ನು ದೊಡ್ಡ ವಿದ್ಯುತ್ ಜಾಲಕ್ಕೆ ಹೇಳುತ್ತಿದ್ದರು. ನಮ್ಮಲ್ಲೂ ಪವರ್ ಅಂದರೆ ಮೊದಲು ನೆನಪಾಗುವುದು ಕರೆಂಟೇ ಅಲ್ವಾ? ಇವತ್ತಿನ ಅರ್ಥದಲ್ಲಿ ಅದನ್ನು ಚಲಾವಣೆಗೆ ತಂದವರು ವಿಲಿಯಂ ಫಾಕ್ಸ್ ಅನ್ನುವ ಅಮೆರಿಕದ ಪ್ರಾಧ್ಯಾಪಕರು. ಎರಡನೇ ಮಹಾಯುದ್ಧ ಇನ್ನೂ ಮುಗಿಯದ 1944ರಲ್ಲಿ ಅವರ ಪುಸ್ತಕ ಬಂತು. ಅದರಲ್ಲಿ ಸೂಪರ್ ಪವರ್‌ಗಳು ಎರಡಲ್ಲ, ಮೂರು: ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್. ಪುಸ್ತಕದ ಹೆಸರಿನಲ್ಲೇ ಇನ್ನೊಂದು ಮಾತಿದೆ. ಶಾಂತಿ ಕಾಯುವ ಹೊಣೆ ಈ ಮೂವರದು ಅನ್ನುವ ಮಾತು. ನಾನು ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪದ ಹುಟ್ಟುವಾಗ ಅದರ ಬೆನ್ನಿಗೆ ಒಂದು ಹೊಣೆ ಕಟ್ಟಿತ್ತು. ಎಂಟು ದಶಕ ಬಳಸಿ ಬಳಸಿ ಹೊಣೆ ಕಳಚಿ ಬಿತ್ತು. ಪವರ್ ಮಾತ್ರ ಉಳಿಯಿತು.

ಮೂರರಲ್ಲಿ ಒಂದು ಬೇಗ ಉದುರಿತು. 1956ರಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ಸುಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೇರಿ ದಾಳಿ ಮಾಡಿದವು. ಅಮೆರಿಕ ಬೆಂಬಲಿಸಲಿಲ್ಲ, ಪೌಂಡ್ ಕುಸಿಯತೊಡಗಿತು, ಬ್ರಿಟನ್ ಸೇನೆ ವಾಪಸ್ ಹೋಯಿತು. ಆಮೇಲೆ ಬ್ರಿಟನ್ನನ್ನು ಆ ಹೆಸರಿಂದ ಕರೆಯುವವರು ಸಿಗುವುದಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟವೂ ಮುಗಿಯಿತು. ಉಳಿದ ಒಬ್ಬನಿಗೆ ಸೂಪರ್ ಸಾಲದು ಅನ್ನಿಸಿ ಫ್ರಾನ್ಸಿನ ವಿದೇಶಾಂಗ ಮಂತ್ರಿ ಯುಬೆರ್ ವೆದ್ರಿನ್ 1999ರ ಹೊತ್ತಿಗೆ 'ಹೈಪರ್ ಪವರ್' ಅಂದರು. ಅದರಲ್ಲಿ ಹೊಗಳಿಕೆಗಿಂತ ಆತಂಕವೇ ಜಾಸ್ತಿ ಇತ್ತು.

ಮರಾಠಿಯವರು ಇದಕ್ಕೆ 'ಮಹಾಸತ್ತಾ' ಅನ್ನುತ್ತಾರೆ. ಗೋವಾದಲ್ಲಿ ಮರಾಠಿ ಪೇಪರ್, ಮರಾಠಿ ಸುದ್ದಿ ಎರಡೂ ಇವೆ. ಅವ್ವ ಟಿವಿಯಲ್ಲಿ ಆ ಪದ ಕೇಳಿದಾಗಲೆಲ್ಲ ಗಾಬರಿಯಿಂದ "ಯಾರು ಸತ್ರು?" ಅಂತ ಕೇಳುತ್ತಿದ್ದಳು. ನಮ್ಮ ಪ್ರಜಾಸತ್ತೆಯಲ್ಲಿ ಇರುವ ಸತ್ತೆಯೇ ಅದು ಅಂತ ಎಷ್ಟು ಹೇಳಿದರೂ ಅವಳ ಕಿವಿಗೆ ಅದು ಸಾವಿನ ಸುದ್ದಿಯಾಗಿಯೇ ಉಳಿಯಿತು. ಬಾಗ್ದಾದಿನ ಆ ದಿನಗಳಲ್ಲಿ ಅವಳು ಕೇಳಿಸಿಕೊಂಡದ್ದು ಪೂರ್ತಿ ತಪ್ಪು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ.

ಹಡಗಿನ ಹಿಂಭಾಗದ ಹೆಸರು

ಬಂದರಿನ ಊರಲ್ಲಿ ಬೆಳೆದ ಮಕ್ಕಳಿಗೆ ಜಗತ್ತು ಹಡಗಿನ ರೂಪದಲ್ಲಿ ಕಾಣುತ್ತದೆ. ಬೈನಾ ದಂಡೆಯಲ್ಲಿ ನಿಂತರೆ ದೂರದಲ್ಲಿ ಲಂಗರು ಹಾಕಿದ ಹಡಗುಗಳ ಸಾಲು. ದೊಡ್ಡಣ್ಣ ಹತ್ತಿರದಿಂದ ನೋಡುತ್ತಿದ್ದ. ಹಡಗಿನ ಹಿಂಭಾಗದಲ್ಲಿ, ಅದರ ಹೆಸರಿನ ಕೆಳಗೆ, ಅದು ಯಾವ ಬಂದರಿನದು ಅಂತ ಬರೆದಿರುತ್ತದೆ. ಅವನಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಮನೆಗೆ ಬಂದು ಹೇಳುತ್ತಿದ್ದ: ಇವತ್ತು ಪನಾಮಾ. ನಿನ್ನೆ ಮನ್ರೋವಿಯಾ. ಮೊನ್ನೆಯೂ ಪನಾಮಾ. ಪನಾಮಾ ಅನ್ನುವುದು ಭಾರೀ ದೊಡ್ಡ ದೇಶ ಇರಬೇಕು ಅಂತ ನಾನು ಬಹಳ ದಿನ ನಂಬಿದ್ದೆ. ಶಾಲೆಯ ಅಟ್ಲಾಸ್‌ನಲ್ಲಿ ಹುಡುಕಿದರೆ ಎರಡು ಅಮೆರಿಕಗಳ ನಡುವೆ ಒಂದು ನಾರು. ಮನ್ರೋವಿಯಾ ಲೈಬೀರಿಯಾದ ರಾಜಧಾನಿ. ತೆರಿಗೆ ಕಡಿಮೆ, ನಿಯಮ ಸಡಿಲ ಅಂತ ಬೇರೆ ದೇಶದ ಮಾಲೀಕರು ತಮ್ಮ ಹಡಗನ್ನು ಅಲ್ಲಿ ನೋಂದಾಯಿಸುತ್ತಾರೆ. ಹೆಸರು ಒಬ್ಬರದು, ಬಲ ಇನ್ನೊಬ್ಬರದು.

ಆ ಹಡಗುಗಳು ಹೋಗುತ್ತಿದ್ದದ್ದು ಮೊದಲು ಜಾಸ್ತಿ ಜಪಾನಿಗೆ, ಆಮೇಲೆ ಚೀನಾಕ್ಕೆ. 2008ರ ಬೀಜಿಂಗ್ ಒಲಿಂಪಿಕ್ಸ್ ಹತ್ತಿರ ಬಂದಾಗಿನ ಅದಿರಿನ ಬೆಲೆ ಬಳ್ಳಾರಿಯವರಿಗೂ ನೆನಪಿದೆ, ಗೋವಾದವರಿಗೂ ನೆನಪಿದೆ. ಇದೇ ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ 1974ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ನಿಂತು, ಚೀನಾ ಸೂಪರ್ ಪವರ್ ಅಲ್ಲ, ಎಂದಿಗೂ ಆಗಲು ಹೊರಡುವುದೂ ಇಲ್ಲ ಅಂದಿದ್ದರು. ಮುಂದೆ ಒಂದು ದಿನ ಚೀನಾ ಹಾಗಾಗಿ ಬೇರೆಯವರನ್ನು ತುಳಿದರೆ, ಜಗತ್ತಿನ ಜನ ಅದನ್ನು ಬಯಲಿಗೆಳೆದು ವಿರೋಧಿಸಬೇಕು ಅಂತಲೂ ಹೇಳಿದ್ದರು. ಈ ಪದವನ್ನು ಬೈಗುಳ ಅಂತ ತಿಳಿದು ಬೇಡ ಅಂದ ದೇಶವೂ ಇತ್ತು ಅನ್ನುವುದಕ್ಕೆ ಇದನ್ನು ನೆನಪಿಟ್ಟುಕೊಂಡಿದ್ದೇನೆ.

ಸಣ್ಣ ದೇಶವಲ್ಲ

ನಾವು ಮೊದಲು ಬಾಡಿಗೆಗೆ ಇದ್ದದ್ದು ವಾಸ್ಕೋದಲ್ಲಿ ಒಬ್ಬ ಕ್ರಿಶ್ಚಿಯನ್ ಅಜ್ಜನ ಮನೆಯ ಹಿಂದಿನ ಕೋಣೆಯಲ್ಲಿ. ದೊಡ್ಡಣ್ಣ ಅವರನ್ನು ಪಾತ್ರಾಂವ್ ಅನ್ನುತ್ತಿದ್ದ. ಯಜಮಾನ ಅನ್ನುವ ಪೋರ್ಚುಗೀಸ್ ಪದ ಅದು. ಆಳಿದವರು ಹೋದರೂ ಗೋವಾದ ಅಂಗಡಿ, ಹೋಟೆಲು, ದಂಡೆಗಳಲ್ಲಿ ಆ ಪದ ಓಡಾಡಿಕೊಂಡಿದೆ. ಅಜ್ಜ ಪೋರ್ಚುಗೀಸ್ ಕಾಲದಲ್ಲಿ ಸೆಗುಂದ್ ಗ್ರಾವ್, ಅಂದರೆ ಪ್ರಾಥಮಿಕ ಶಾಲೆಯ ಎರಡನೇ ಹಂತದ ತನಕ ಓದಿದ್ದರು. ಒಂದು ಮಳೆಗಾಲದ ಸಂಜೆ ಕರೆಂಟು ಹೋಗಿ ನಾವೆಲ್ಲ ಅವರ ಮನೆಮುಂದಿನ ಜಗುಲಿ ಬಾಲ್ಕಾಂವ್‌ನಲ್ಲಿ ಕೂತಿದ್ದಾಗ, ತಮ್ಮ ಶಾಲೆಯ ಗೋಡೆಯ ಮೇಲಿದ್ದ ಭೂಪಟದ ಬಗ್ಗೆ ಹೇಳಿದರು. ಯುರೋಪಿನ ನಕ್ಷೆಯ ಮೇಲೆ ಅಂಗೋಲಾ, ಮೊಜಾಂಬಿಕ್ ಎಲ್ಲವನ್ನೂ ಕತ್ತರಿಸಿ ಇಟ್ಟ ಹಾಗೆ ಬಣ್ಣ ಬಳಿದಿದ್ದರಂತೆ. ಸ್ಪೇನ್, ಫ್ರಾನ್ಸ್ ಎಲ್ಲಾ ಅದರಡಿ ಮುಚ್ಚಿಹೋಗಿದ್ದವಂತೆ. ಮೇಲೆ ದಪ್ಪ ಅಕ್ಷರದಲ್ಲಿ: ಪೋರ್ಚುಗಲ್ ಸಣ್ಣ ದೇಶವಲ್ಲ. ಅಜ್ಜ ಅದನ್ನು ಪೋರ್ಚುಗೀಸಿನಲ್ಲೇ ಹೇಳಿ, ಆಮೇಲೆ ನಮಗೆ ಹಿಂದಿಯಲ್ಲಿ ಹೇಳಿದರು. "ನಾವು ಮಕ್ಕಳು ದಿನಾ ಅದನ್ನು ಓದುತ್ತಿದ್ದೆವು. ಸಣ್ಣದಲ್ಲ ಅಂತ ದಿನಾ ಯಾಕೆ ಹೇಳಬೇಕು ಅಂತ ಯಾರೂ ಕೇಳಲಿಲ್ಲ."

ಆ ಭೂಪಟವನ್ನು ಆಮೇಲೆ ನಾನೂ ನೋಡಿದೆ. 1934ರಲ್ಲಿ ಪೋರ್ಟೊ ನಗರದ ವಸಾಹತು ಪ್ರದರ್ಶನಕ್ಕಾಗಿ ಎನ್ರಿಕ್ ಗಲ್ವಾಂವ್ ಅನ್ನುವ ಪೋರ್ಚುಗೀಸ್ ಅಧಿಕಾರಿ ಮಾಡಿಸಿದ್ದು. 1951ರಲ್ಲಿ ಪೋರ್ಚುಗಲ್‌ನ ಸರ್ವಾಧಿಕಾರಿ ಸಲಾಜಾರ್ ಸರಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸಂವಿಧಾನವನ್ನೇ ತಿದ್ದಿತು. ವಸಾಹತು ಅನ್ನುವ ಪದ ತೆಗೆದು 'ಸಮುದ್ರದಾಚೆಯ ಪ್ರಾಂತ್ಯ' ಅಂತ ಬರೆಯಿತು. ಗೋವಾ ವಸಾಹತಲ್ಲ, ಪೋರ್ಚುಗಲ್‌ನ ಒಂದು ಪ್ರಾಂತ್ಯ. ಹಾಗಿದ್ದ ಮೇಲೆ ಬಿಟ್ಟು ಹೋಗುವ ಪ್ರಶ್ನೆ ಎಲ್ಲಿ ಬಂತು? ಜೈಲು, ಪೊಲೀಸು, ಗವರ್ನರ್ ಎಲ್ಲಾ ಮೊದಲಿನಂತೆಯೇ. 1961ರ ಡಿಸೆಂಬರ್‌ನಲ್ಲಿ ಭಾರತದ ಸೇನೆ ಬರುವ ಸುಳಿವು ಸಿಕ್ಕಾಗ ಸಲಾಜಾರ್ ಲಿಸ್ಬನ್ನಿನಲ್ಲಿ ಕೂತು, ಗೆಲ್ಲಬೇಕು ಇಲ್ಲವೇ ಸಾಯಬೇಕು ಅನ್ನುವ ಆಜ್ಞೆ ಕಳಿಸಿದರು. ಗವರ್ನರ್ ವಾಸಾಲೊ ಇ ಸಿಲ್ವಾ ಡಿಸೆಂಬರ್ 19ರಂದು ಶರಣಾಗಿ ತಮ್ಮ ಸೈನಿಕರ ಜೀವ ಉಳಿಸಿದರು. ಅದಕ್ಕೆ ಅವರನ್ನು ಸೇನೆಯಿಂದ ಹೊರಹಾಕಲಾಯಿತು. 1510ರಿಂದ ಲೆಕ್ಕ ಹಾಕಿದರೆ 451 ವರ್ಷದ ಆಳ್ವಿಕೆ ಎರಡು ದಿನದಲ್ಲಿ ಮುಗಿಯಿತು.

ಅದೇ ಡಿಸೆಂಬರ್ 18ರಂದು ಭದ್ರತಾ ಮಂಡಳಿಯಲ್ಲಿ ಗೋವಾದ ಚರ್ಚೆ ನಡೆಯಿತು. ಭಾರತ ಯುದ್ಧ ನಿಲ್ಲಿಸಿ ಸೇನೆ ಹಿಂದೆಗೆಯಬೇಕು ಅನ್ನುವ ನಿರ್ಣಯ ಮಂಡಿಸಿದ್ದು ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಟರ್ಕಿ. ಪರವಾಗಿ 7 ಮತ, ವಿರುದ್ಧ 4. ಸೋವಿಯತ್ ಒಕ್ಕೂಟ ವಿಟೊ ಹಾಕಿ ನಿರ್ಣಯ ಬಿದ್ದುಹೋಯಿತು. ಈ 'ವಿಟೊ' ಅನ್ನುವ ಪದ ವಿಶ್ವಸಂಸ್ಥೆಯ ಸನ್ನದಿನಲ್ಲಿ ಎಲ್ಲೂ ಇಲ್ಲ. ಖಾಯಂ ಸದಸ್ಯರ ಸಹಮತ ಬೇಕು ಅಂತ ಮೆತ್ತಗೆ ಬರೆದಿದ್ದಾರೆ, ಅಷ್ಟೇ. ನಮ್ಮ ಪುಸ್ತಕಗಳಲ್ಲಿ ಸೋವಿಯತ್ ವಿಟೊದ ಕಥೆ ಬರುತ್ತದೆ. ಉಳಿದ ಮೂರು ಮತಗಳ ಕಥೆ ಅಪರೂಪ. ಭಾರತದ ಕಡೆ ನಿಂತ ಆ ಮೂರು ಸಿಲೋನ್ (ಇಂದಿನ ಶ್ರೀಲಂಕಾ), ಸಂಯುಕ್ತ ಅರಬ್ ಗಣರಾಜ್ಯ ಅಂತ ಆಗ ಹೆಸರಿದ್ದ ಈಜಿಪ್ಟ್ ಮತ್ತು ಲೈಬೀರಿಯಾ.

ಲೈಬೀರಿಯಾ! ಇದನ್ನು ಓದಿದ ದಿನ ದೊಡ್ಡಣ್ಣನಿಗೆ ಫೋನ್ ಮಾಡಿದೆ. ನೀನು ಓದಿ ಹೇಳುತ್ತಿದ್ದೆಯಲ್ಲ, ಹಡಗಿನ ಮೇಲಿನ ಮನ್ರೋವಿಯಾ, ಅದೇ ದೇಶ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಣ್ಣ ದೇಶ ಅಲ್ಲೇನು ಅದು? ಆದ್ರೂ ಮಾತಾಡಿತು ನೋಡು" ಅಂದ.

ನಾವೂ ಅಣ್ಣನೇ

ಇಷ್ಟು ಬರೆದು ನಿಲ್ಲಿಸಿದರೆ ನ್ಯಾಯವಲ್ಲ. ನಮ್ಮ ನೆರೆಯ ದೇಶಗಳು ಭಾರತವನ್ನೂ ದೊಡ್ಡಣ್ಣ ಅನ್ನುತ್ತವೆ. ಅದರಲ್ಲಿ ಪ್ರೀತಿ ಕಡಿಮೆ. 2015ರಲ್ಲಿ ನೇಪಾಳ ಹೊಸ ಸಂವಿಧಾನ ತಂದ ಮೇಲೆ ಗಡಿಯಲ್ಲಿ ಲಾರಿಗಳು ತಿಂಗಳುಗಟ್ಟಲೆ ನಿಂತವು. ಭಾರತವೇ ತಡೆದಿದೆ ಅಂತ ನೇಪಾಳ ಹೇಳಿತು, ನಾವು ತಡೆದಿಲ್ಲ, ಅದು ಗಡಿಯಲ್ಲಿನ ಪ್ರತಿಭಟನೆಯ ಫಲ ಅಂತ ಭಾರತ ಹೇಳಿತು. ಆಗ ನಾನು ರಾತ್ರಿ ಊಟ ಮಾಡುತ್ತಿದ್ದ ಹೋಟೆಲಿನಲ್ಲಿ ಒಬ್ಬ ನೇಪಾಳಿ ಹುಡುಗ ಅಡುಗೆ ಮಾಡುತ್ತಿದ್ದ. ಎಲ್ಲರನ್ನೂ 'ದಾಇ' ಅನ್ನುತ್ತಿದ್ದ. ಅವರ ಭಾಷೆಯಲ್ಲಿ ಅಣ್ಣ. ಒಂದು ದಿನ ಅವನು ಹೇಳಿದ: ಊರಲ್ಲಿ ಗ್ಯಾಸ್ ಇಲ್ಲ ದಾಇ, ಅಮ್ಮ ಸೌದೆ ಒಲೆಯಲ್ಲಿ ಬೇಯಿಸುತ್ತಿದ್ದಾಳೆ. ಹೇಳಿ, ನನ್ನ ತಟ್ಟೆಗೆ ಇನ್ನೊಂದು ಸೌಟು ದಾಲ್ ಹಾಕಿದ. ತಪ್ಪು ಯಾರದು ಅಂತ ಅವನು ಕೇಳಲಿಲ್ಲ. ನನಗೆ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ದೊಡ್ಡವನ ಕಡೆ ಹುಟ್ಟಿದವನಿಗೆ ಆ ಪದ ಹೇಗೆ ಕೇಳುತ್ತದೆ ಅಂತ ಅವತ್ತು ಗೊತ್ತಾಯಿತು.

ನಾವು ನಮಗೆ ಇಟ್ಟುಕೊಳ್ಳುವ ಹೆಸರುಗಳ ಕಥೆಯೂ ಇದೆ. ಅಬ್ದುಲ್ ಕಲಾಂ ಮತ್ತು ವೈ.ಎಸ್. ರಾಜನ್ 1998ರಲ್ಲಿ ಬರೆದ ಪುಸ್ತಕದ ಕನಸು 2020ರ ಹೊತ್ತಿಗೆ ಅಭಿವೃದ್ಧಿ ಹೊಂದಿದ ದೇಶ ಅನ್ನುವುದು. ಹೊಲ, ಆಸ್ಪತ್ರೆ, ಶಾಲೆ, ಕಾರ್ಖಾನೆಯ ಮಾತು. ನಾವು ಕಾಲೇಜಿನ ಭಾಷಣ ಸ್ಪರ್ಧೆಗಳಲ್ಲಿ ಅದನ್ನು 'ಸೂಪರ್ ಪವರ್ 2020' ಮಾಡಿಕೊಂಡೆವು. ನಾನೂ ಹಾಗೆ ಭಾಷಣ ಮಾಡಿ ಬಹುಮಾನ ತಗೊಂಡಿದ್ದೇನೆ. ಆಸ್ಪತ್ರೆಯ ಕನಸು ಹೇಳಿದರೆ ಚಪ್ಪಾಳೆ ಬೀಳುತ್ತಿರಲಿಲ್ಲ. ಈಗ ವಿಶ್ವಗುರು ಅನ್ನುತ್ತೇವೆ. ನಮ್ಮ ಕಡೆ ಗುರು ಅಂತ ಕರೆಯುವುದು ಶಿಷ್ಯ. ಮಠದ ಅಜ್ಜಾರು ತಮ್ಮನ್ನು ತಾವು ಗುರು ಅಂದುಕೊಂಡದ್ದನ್ನು ನಾನು ಕೇಳಿಲ್ಲ.

ರಾಜರೂ ಬಿರುದು ಹಾಕಿಕೊಳ್ಳುತ್ತಿದ್ದರು, ಬೇಕಾದಷ್ಟು. ಆದರೆ ಅದರಲ್ಲಿ ಒಂದು ಬಿರುದು ನನಗೆ ಬಹಳ ಇಷ್ಟ. ವಿಜಯನಗರದ ಮೊದಲ ಅರಸರು ತಮ್ಮ ಶಾಸನಗಳಲ್ಲಿ 'ಭಾಷೆಗೆ ತಪ್ಪುವ ರಾಯರ ಗಂಡ' ಅಂತ ಬರೆಸಿಕೊಂಡರು. ಕೊಟ್ಟ ಮಾತಿಗೆ ತಪ್ಪುವ ರಾಜರನ್ನು ಬಗ್ಗಿಸುವವನು. 1368ರ ಶ್ರವಣಬೆಳಗೊಳದ ಶಾಸನದಲ್ಲೂ ಬುಕ್ಕರಾಯನಿಗೆ ಈ ಬಿರುದಿದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ಜೈನರು ರಾಜನ ಹತ್ತಿರ ದೂರು ಒಯ್ದರು. ರಾಜ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡಕ್ಕೂ ಭೇದವಿಲ್ಲ ಅಂದ ಅಂತ ಕಲ್ಲಿನಲ್ಲಿ ಕೊರೆದಿದೆ. ಅದೇ ಸಾಲಿನಲ್ಲಿ ವೈರಿ ರಾಜರನ್ನು ಸದೆಬಡಿಯುವವನು ಅನ್ನುವ ಬಿರುದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಮಾತು ಉಳಿಸಿಕೊಳ್ಳುವುದನ್ನು ಬಲದ ಲೆಕ್ಕಕ್ಕೆ ಸೇರಿಸಿದ ಒಂದು ಪದ ಕನ್ನಡದಲ್ಲಿ ಇತ್ತಲ್ಲ. ಇವತ್ತಿನ ಯಾವ ಪದದಲ್ಲಿ ಅದು ಇದೆ?

2012ರ ಸೆಪ್ಟೆಂಬರ್‌ನಲ್ಲಿ ಗೋವಾದಲ್ಲಿ ಗಣಿ ನಿಂತಿತು. ಬಾರ್ಜ್‌ಗಳು ನದಿಯಲ್ಲಿ ತುಕ್ಕು ಹಿಡಿಯುತ್ತಾ ನಿಂತವು. ದೊಡ್ಡಣ್ಣ ಎರಡು ವರ್ಷ ಕಾದು, ಊರಿಗೆ ಹೋಗಿ ಮೂರು ಎಕರೆ ಎರೆ ಹೊಲ ನೋಡಿಕೊಳ್ಳುತ್ತಿದ್ದಾನೆ. ಹುಡುಗನ ವಾಕ್ಯದ ವಿಷಯ ಅವನಿಗೂ ಹೇಳಿದೆ. ಅವನಿಗೆ ಬಾಗ್ದಾದಿನ ಆ ಬೆಳಿಗ್ಗೆ ನೆನಪೇ ಇರಲಿಲ್ಲ. "ಹುಡುಗಗ ತಪ್ಪು ಹಾಕಬ್ಯಾಡ, ಅಳ್ತಾನ" ಅಂತ ಮಾತ್ರ ಹೇಳಿದ.

ಮುಂದಿನ ಭಾನುವಾರ ಆ ವಾಕ್ಯಕ್ಕೆ ಸರಿ ಗುರುತು ಹಾಕಿ, ಪಕ್ಕದಲ್ಲಿ ಸಣ್ಣದಾಗಿ 'ಯಾರಿಗೆ?' ಅಂತ ಬರೆದು ಪುಸ್ತಕ ವಾಪಸ್ ಕೊಟ್ಟೆ. ಹುಡುಗ ಅದನ್ನೇ ನೋಡುತ್ತಾ ಕೂತ. ಪಕ್ಕದ ಹುಡುಗಿಯ ಪುಸ್ತಕಕ್ಕೂ ಇಣುಕಿ ನೋಡಿದ, ಅಲ್ಲಿ ಪ್ರಶ್ನೆ ಇರಲಿಲ್ಲ. ತರಗತಿ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ನನ್ನ ಹತ್ತಿರ ಬಂದ.

"ಗೊತ್ತಿಲ್ರಿ ಸರ್. ಪೇಪರ್‌ನಾಗ ಹಂಗ ಬರ್ದಿರ್ತಾರ. ಯಾರಿಗೆ ಅಂತ ಬರ್ದಿರಂಗಿಲ್ಲ."